ಲವ್ ಬರ್ಡ್ಸ್‌ಗೆ ಹುಷಾರಿಲ್ಲ: ಅಂಗಡಿ ಪುಡಿಯೋ, ಪಶು ಆಸ್ಪತ್ರೆಯೋ, ಫೋನ್ ಡಾಕ್ಟರೋ?

ವಿಜಯಪುರದಲ್ಲಿ ಎಮ್ಮೆಗೆ, ಕುರಿಗೆ ಡಾಕ್ಟರ್ ಸಿಗುತ್ತಾರೆ. ನಾಯಿಗೂ ಸಿಗುತ್ತಾರೆ. 30–40 ಗ್ರಾಂ ತೂಗುವ ಬಜರಿಗಾರ್‌ಗೆ ಯಾರನ್ನು ಹುಡುಕೋದು? ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರುವುದು ಇವನ್ನೇ. ನಮ್ಮ ಮನೆಯಲ್ಲಿ ವರ್ಷಗಳಿಂದ ಇವೆ. ಬೇರೆ ಬೇರೆ ಕಾಯಿಲೆಗೆ ಬೇರೆ ಬೇರೆ ಬಾಗಿಲು ತಟ್ಟಿದ್ದೇವೆ. (ಹಸಿರು ಗಿಳಿ ಸಾಕಿದವರ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಮನೆಯಲ್ಲಿ ಇಡುವಂತೆಯೇ ಇಲ್ಲ.)

ಎಲ್ಲಕ್ಕಿಂತ ಅಗ್ಗ ಅಂದರೆ ಅಂಗಡಿಯ ಹಳದಿ ಪುಡಿ. ಚಿಟಿಕೆ ತೆಗೆದು ಕುಡಿಯುವ ನೀರಿಗೆ ಹಾಕಿ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್. ಹುಷಾರಿಲ್ಲದ ಹಕ್ಕಿ ನೀರು ಕುಡಿಯುವುದೇ ಕಡಿಮೆ. ನೀರು ಕಹಿಯಾದರೆ ಅದನ್ನೂ ಬಿಡುತ್ತದೆ. ಪಂಜರದಲ್ಲಿ ಕಟಲ್ ಬೋನ್ (ಹಕ್ಕಿ ಕುಕ್ಕಿ ತಿನ್ನುವ ಬಿಳಿ ಸುಣ್ಣದ ತುಂಡು) ಕಟ್ಟಿದ್ದರೆ ಅದರ ಕ್ಯಾಲ್ಸಿಯಂ ಈ ಔಷಧಿ ಮೈಗೆ ಹತ್ತದಂತೆ ತಡೆಯುತ್ತದೆ. ನಮ್ಮ ಗಂಡು ಹಕ್ಕಿಯ ಹಿಕ್ಕೆ ನೀರು ನೀರಾದಾಗ ಇದನ್ನೇ ಕೊಟ್ಟೆವು. ಹಕ್ಕಿ ಮಾತ್ರ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲೇ ಕೂತಿತ್ತು.

ಅದೇ ಹಕ್ಕಿಯನ್ನು ಸರ್ಕಾರಿ ಪಶು ಆಸ್ಪತ್ರೆಗೆ ಒಯ್ದೆವು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಸುತ್ತ ಆಕಳು, ಹೋತ, ನಡುವೆ ನಮ್ಮ ಪಂಜರ. ನೋಡಿದವರೆಲ್ಲ ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. "ಇಂಥಾ ಹಕ್ಕಿ ನಾನು ಭಾಳ ನೋಡಿಲ್ರೀ, ಆದ್ರ ಕೋಳಿ ನೋಡೀನಿ" ಅಂದರು. ಹಿಕ್ಕೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಜಂತುಹುಳುವಿನ ತತ್ತಿ ಕಂಡಿತು. ಆಂಟಿಬಯೋಟಿಕ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ! ತೂಕ ಕೇಳಿ, ಲೆಕ್ಕ ಹಾಕಿ, ಜಂತಿನ ಔಷಧಿಯನ್ನು ತೆಳು ಮಾಡಿ ಹನಿ ಲೆಕ್ಕದಲ್ಲಿ ಕೊಟ್ಟರು. ಇದನ್ನು ಮನೆಯಲ್ಲಿ ಅಂದಾಜಿಗೆ ಮಾಡಲು ಹೋಗಬೇಡಿ. ಒಂದು ಹನಿ ಹೆಚ್ಚಾದರೂ ಇಷ್ಟು ಸಣ್ಣ ಜೀವಕ್ಕೆ ಅಪಾಯ. ನನ್ನ ಮಟ್ಟಿಗೆ ಹಿಕ್ಕೆ ಪರೀಕ್ಷೆಗಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಎಲ್ಲಿಗೇ ಹೋಗಿ, ಮೊದಲು ಅದನ್ನೇ ಕೇಳಿ.

ಖಾಸಗಿ ಕ್ಲಿನಿಕ್ ನಾಯಿ-ಬೆಕ್ಕಿನವರದು. ಬೊಗಳಾಟದ ನಡುವೆ ಕಾಯಬೇಕು, ಪಂಜರದ ಮೇಲೆ ಬಟ್ಟೆ ಹೊದಿಸಿಕೊಂಡೇ ಹೋಗಿ. ಚರ್ಮದ ತೊಂದರೆಗೆ ಇದು ಚೆನ್ನಾಗಿದೆ. ಇನ್ನೊಂದು ಹಕ್ಕಿಯ ಕೊಕ್ಕಿನ ಬುಡದಲ್ಲಿ ಬೂದು ಬಣ್ಣದ ಹೆಕ್ಕಳಿಕೆ ಕಟ್ಟಿತ್ತು. ನೋಡಿದ ತಕ್ಷಣ ನುಸಿ ಅಂದರು. ಕತ್ತಿನ ಹಿಂದೆ ಐವರ್‌ಮೆಕ್ಟಿನ್ ಹನಿ ಬಿಟ್ಟರು, ಮತ್ತೆ ಕರೆಸಿ ಇನ್ನೊಮ್ಮೆ ಬಿಟ್ಟರು. ಹೋಯಿತು.

ಕೊನೆಯದು ಬೆಂಗಳೂರಿನ ಹಕ್ಕಿ ಡಾಕ್ಟರು, ವಿಡಿಯೋ ಕರೆಯಲ್ಲಿ. ಫೀಸು ಹಕ್ಕಿಯ ಬೆಲೆಗಿಂತ ಜಾಸ್ತಿ. "ಆ ರೊಕ್ಕದಾಗ ಹೊಸಾ ಜೋಡೀನ ಬರ್ತಾವಲ್ರೀ ಅಕ್ಕಾರ" ಅಂದರು ಪಕ್ಕದ ಮನೆಯವರು. ಲೆಕ್ಕ ಸರಿ ಇತ್ತು, ನಾನು ವಾದ ಮಾಡಲಿಲ್ಲ. ಆದರೆ ಈ ಡಾಕ್ಟರು ಕೇಳಿದ ಪ್ರಶ್ನೆಗಳನ್ನು ಬೇರೆ ಯಾರೂ ಕೇಳಿರಲಿಲ್ಲ. ಬಿಳಿ ಕಾಗದದ ಮೇಲೆ ಬಿದ್ದ ಹಿಕ್ಕೆಯ ಫೋಟೋ, ದಿನಾ ಬೆಳಿಗ್ಗೆ ಕಾಳು ಹಾಕುವ ಮುಂಚಿನ ತೂಕ, ಉಸಿರಾಡುವಾಗಿನ ವಿಡಿಯೋ. ಅದರ ಮೇಲೆ, ಬರೀ ನವಣೆ ತಿನ್ನಿಸುತ್ತೀರಾ ಅಂತ ಬೈದರು. ಹೆಣ್ಣು ಹಕ್ಕಿಗೆ ತತ್ತಿ ಸಿಕ್ಕಿಹಾಕಿಕೊಂಡಾಗ ಮಾತ್ರ, "ಬೆಚ್ಚಗಿಟ್ಟುಕೊಂಡು ಈಗಲೇ ಹತ್ತಿರದ ಡಾಕ್ಟರ ಹತ್ತಿರ ಹೋಗಿ, ಮುಟ್ಟಿ ನೋಡದೆ ನಾನೇನೂ ಹೇಳಲ್ಲ" ಅಂದರು. ಫೋನಿನ ಮಿತಿಯೂ ಅದೇ ಅಲ್ವಾ?

ಹಾಗಾಗಿ ಕೈ ಬಿಗಿ ಇದ್ದವರು ಪುಡಿಯ ದುಡ್ಡು ಉಳಿಸಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ತಗೊಳ್ಳಿ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ತೂಕ ಮುಚ್ಚಿಡಲು ಆಗುವುದಿಲ್ಲ. ಜೊತೆಗೆ ಹುಷಾರಿಲ್ಲದ ಹಕ್ಕಿಯನ್ನು ಬೆಚ್ಚಗಿಡಲು ಪಂಜರದ ಹೊರಗೆ, ಒಂದೇ ಬದಿಗೆ ಹಳೇ ಕಾಲದ ಬಲ್ಬ್. ಎಲ್‌ಇಡಿ ಬೇಡ, ಅದರಿಂದ ಬೇಕಾದಷ್ಟು ಶಾಖ ಬರುವುದಿಲ್ಲ. ಸುಮಾರು 30 ಡಿಗ್ರಿ ಸಾಕು, ಸೆಕೆಯಾದರೆ ಹಕ್ಕಿ ಆಚೆ ಬದಿಗೆ ಸರಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬಲ್ಬೇ ಬೇಡ, ಡಿಸೆಂಬರ್ ರಾತ್ರಿಗೆ ಬೇಕೇ ಬೇಕು. ಹಿಕ್ಕೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕೆಲವು ಸೋಂಕು ನಮಗೂ ಹತ್ತುತ್ತವೆ.

ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಈ ಹೋಲಿಕೆಯನ್ನೆಲ್ಲ ಬಿಡಿ. ಆ ಹೊತ್ತಿಗೆ ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ಹೋಗಿ.