ಹಳೇ ಟ್ರಾಪ್‌ಡೋರ್ ರೈಫಲ್‌ಗೆ ಯಾವ ಮದ್ದು?

ಅಮೆರಿಕದ 1873ರ ಸ್ಪ್ರಿಂಗ್‌ಫೀಲ್ಡ್ ಟ್ರಾಪ್‌ಡೋರ್ (ಹಿಂಬದಿಯ ಮುಚ್ಚಳ ಮೇಲಕ್ಕೆತ್ತಿ ತೋಟಾ ಹಾಕುವ ರೈಫಲ್) ಕೈಗೆ ಬಂದವರು ಮೊದಲು ಕೇಳುವುದು ಇದನ್ನೇ: ಕೈಯಾರೆ ತೋಟಾ ತುಂಬುವಾಗ ಕರಿಮದ್ದು ಹಾಕೋದಾ, ಪೈರೊಡೆಕ್ಸ್ ತರಹದ ಬದಲಿ ಮದ್ದಾ, ಹೊಗೆಯಿಲ್ಲದ ಮದ್ದಾ?

ಸುರಕ್ಷತೆಯಿಂದಲೇ ಶುರು ಮಾಡೋಣ. ಈ ರೈಫಲ್‌ನ .45-70 ತೋಟಾ ಹುಟ್ಟಿದ್ದೇ 70 ಗ್ರೇನ್ (ಸುಮಾರು 4.5 ಗ್ರಾಂ) ಕರಿಮದ್ದಿಗೆ. ಅದು ತೋಟಾವನ್ನು ಪೂರ್ತಿ ತುಂಬುತ್ತದೆ, ಹಾಗಾಗಿ ತಪ್ಪಿ ಎರಡು ಸಲ ಹಾಕಲು ಜಾಗವೇ ಇರುವುದಿಲ್ಲ. ಹೊಗೆಯಿಲ್ಲದ ಮದ್ದು ತಳದಲ್ಲಿ ಒಂಚೂರು ಕೂರುತ್ತದೆ ಅಷ್ಟೆ, ಎರಡನೇ ಅಳತೆ ಬಿದ್ದರೂ ಕಣ್ಣಿಗೆ ಬೀಳದೇ ಹೋಗಬಹುದು, ಆಗ ಆ ಹಳೇ ಉಕ್ಕು ತಡೆಯುವುದಿಲ್ಲ. ಗುಂಡು ಕೂರಿಸುವ ಮೊದಲು ಪ್ರತಿಯೊಂದು ತೋಟಾದೊಳಗೂ ಟಾರ್ಚ್ ಬಿಟ್ಟು ನೋಡಲೇಬೇಕು. ತೋಟಾ ತುಂಬುವ ಅಳತೆ ಹೇಳುವ ಕೈಪಿಡಿಗಳಲ್ಲಿ .45-70ಕ್ಕೆ ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಟ್ರಾಪ್‌ಡೋರ್ ಅಂತ ಬರೆದದ್ದು ಮಾತ್ರ ನಿಮ್ಮದು. ಉಳಿದೆರಡು ಗಟ್ಟಿ ರೈಫಲ್‌ಗಳಿಗೆ, ಅವುಗಳ ತಂಟೆಗೇ ಹೋಗಬೇಡಿ.

ತೊಳೆಯುವ ಕೆಲಸದಲ್ಲಿ ಮಾತ್ರ ಹೊಗೆಯಿಲ್ಲದ್ದೇ ಸಲೀಸು. ಕರಿಮದ್ದಿನ ಮಸಿ ತೇವ ಎಳೆದು ತುಕ್ಕು ಹಿಡಿಸುತ್ತದೆ, ಅದೇ ದಿನ ನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಪೈರೊಡೆಕ್ಸ್‌ಗೂ ಈ ಕಾಟ ತಪ್ಪಿದ್ದಲ್ಲ. ಆದರೆ ಅದು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಪೈರೊಡೆಕ್ಸ್ ಅಳೆಯುವುದು ತೂಕದಲ್ಲಲ್ಲ, ಗಾತ್ರದಲ್ಲಿ. ನೆನಪಿರಲಿ.

ಹೊಸಬರಾದರೆ, ತೊಳೆಯೋಕೆ ಬೇಜಾರಿಲ್ಲದಿದ್ದರೆ, ಕರಿಮದ್ದೇ ಸರಿ. ಅದು ಸಿಗದ ಊರಲ್ಲಿ ಬದಲಿ ಮದ್ದು. ಕೈಪಿಡಿ ಬಿಟ್ಟು ಒಂದು ಗ್ರೇನೂ ಕದಲದವರಿಗೆ, ಜಾಸ್ತಿ ಹೊಡೆಯುವವರಿಗೆ ಹೊಗೆಯಿಲ್ಲದ್ದು. ಯಾವುದಾದರೂ ಸರಿ, ಮೊದಲು ಹಳೇ ಬಂದೂಕು ಬಲ್ಲ ರಿಪೇರಿಯವರಿಗೆ ತೋರಿಸಿ.