ಐಡಲ್‌ನಲ್ಲಿ ಆಫ್ ಆಗೋ ಕಾರಿಗೆ ಬ್ಲೂಟೂತ್ ಒಬಿಡಿ ಸ್ಕ್ಯಾನರ್: ವರ್ಷಗಟ್ಟಲೆ ಬಳಸಿದ ಮೇಲೆ ಬರೀತಿರೋದು

ಸಿಗ್ನಲ್‌ನಲ್ಲಿ ನಿಂತ್ರೆ ಇಂಜಿನ್ ಆಫ್, ಹಂಪ್ ಹತ್ರ ಕ್ಲಚ್ ಒತ್ತಿದ್ರೆ ಆಫ್, ಎಸಿ ಹಾಕಿದ್ರಂತೂ ಕೇಳೋದೇ ಬೇಡ. ಐಡಲ್‌ನಲ್ಲಿ, ಅಂದ್ರೆ ರೇಸ್ ಕೊಡದೇ ಇಂಜಿನ್ ಓಡ್ತಿರೋವಾಗ, ಈ ತೊಂದ್ರೆ ಇರೋರು ಯಾವುದೇ ಪಾರ್ಟ್ ಚೇಂಜ್ ಮಾಡ್ಸೋಕೆ ಮುಂಚೆ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಹೇಳೋದನ್ನ ಮೊಬೈಲ್‌ಗೆ ಕಳಿಸೋ ಪುಟ್ಟ ಡಬ್ಬಿ) ತಗೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಇಎಲ್‌ಎಂ327 ಅಂತ ಆನ್‌ಲೈನ್‌ನಲ್ಲಿ ಹುಡುಕಿದ್ರೆ ಸಾವಿರ ರೂಪಾಯಿ ಒಳಗೇ ಸಿಗುತ್ತೆ. ಸ್ಟೇರಿಂಗ್ ಕೆಳಗಡೆ 16 ಪಿನ್ ಸಾಕೆಟ್ ಇರುತ್ತಲ್ಲ, ಅದಕ್ಕೆ ಚುಚ್ಚಿ ಮೊಬೈಲ್‌ನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕ್ಕೊಂಡ್ರೆ ಆಯ್ತು.

ಮತ್ತೆ ಸ್ಟಾರ್ಟ್ ಆಗುತ್ತಲ್ಲ ಬಿಡು ಅಂತ ಓಡಿಸ್ಕೊಂಡಿರೋರು ತುಂಬಾ ಜನ ಇದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಇಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಬರಲ್ಲ, ಒಂದೆರಡು ಸಲ ಒತ್ತೋ ಅಷ್ಟರಲ್ಲಿ ಪೆಡಲ್ ಗಟ್ಟಿ ಆಗಿಬಿಡುತ್ತೆ, ಸ್ಟೇರಿಂಗೂ ಬಿಗಿ ಹಿಡಿಯುತ್ತೆ. ಶಿರಾಡಿ ಘಾಟಿ ಇಳೀತಾ ಹಿಂದೆ ಟ್ಯಾಂಕರ್ ಇರೋವಾಗ ಹಿಂಗಾದ್ರೆ ಏನು ಗತಿ?

ನನ್ನ ಹಳೇ ಪೆಟ್ರೋಲ್ ಕಾರಿಗೆ ಒಂದು ಗ್ಯಾರೇಜ್‌ನಲ್ಲಿ ಫ್ಯೂಯಲ್ ಪಂಪ್ ಹೋಗಿದೆ, ಚೇಂಜ್ ಮಾಡ್ಬೇಕು ಅಂದಿದ್ರು. ಚೆಕ್ ಇಂಜಿನ್ ಲೈಟ್ ಹತ್ತಿರ್ಲಿಲ್ಲ, ಸ್ಕ್ಯಾನರ್‌ನಲ್ಲೂ ಒಂದೇ ಒಂದು ಫಾಲ್ಟ್ ಕೋಡ್ (ತೊಂದ್ರೆ ಏನು ಅಂತ ಹೇಳೋ ನಂಬರ್) ಇಲ್ಲ. ಹೆಚ್ಚಿನವರು ಇಲ್ಲಿಗೇ ಸ್ಕ್ಯಾನರ್ ವೇಸ್ಟ್ ಅಂತ ಎತ್ತಿಡ್ತಾರೆ, ಆದ್ರೆ ಈ ಡಬ್ಬಿಯ ನಿಜವಾದ ಬೆಲೆ ಇರೋದು ಕೋಡ್‌ನಲ್ಲಿ ಅಲ್ಲ, ಲೈವ್ ಡೇಟಾದಲ್ಲಿ, ಅಂದ್ರೆ ಇಂಜಿನ್ ಓಡ್ತಿರೋವಾಗ ಕಾಣೋ ನಂಬರ್‌ಗಳಲ್ಲಿ. ಇಂಜಿನ್ ಪೂರ್ತಿ ಬಿಸಿ ಆಗೋವರೆಗೂ ಬಿಟ್ಟು, ಕೂಲೆಂಟ್ 90 ಡಿಗ್ರಿ ಹತ್ರ ಬಂದ ಮೇಲೆ ಆರ್‌ಪಿಎಂ, ಶಾರ್ಟ್ ಟರ್ಮ್ ಮತ್ತೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಮೂರನ್ನೂ ಒಟ್ಟಿಗೆ ಇಟ್ಕೊಂಡು ನೋಡಿದೆ. ಟ್ರಿಮ್ ಅಂದ್ರೆ ಕಾರಿನ ಕಂಪ್ಯೂಟರ್ ಪೆಟ್ರೋಲ್‌ನ ಎಷ್ಟು ಪರ್ಸೆಂಟ್ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋದು; ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಕಲ್ತು ಇಟ್ಕೊಂಡಿದ್ದು. 750 ಆಸುಪಾಸು ನಿಲ್ಲಬೇಕಾದ ಐಡಲ್, ಎಸಿ ಕಂಪ್ರೆಸರ್ ಹಿಡಿದ ತಕ್ಷಣ 550ಕ್ಕೆ ಕುಸೀತಿತ್ತು. ಆದ್ರೆ ಟ್ರಿಮ್ ಎರಡೂ ಸೊನ್ನೆ ಹತ್ರಾನೇ, ರೇಸ್ ಕೊಟ್ಟು ಹಿಡಿದ್ರೂ ಅಲ್ಲೇ. ಪಂಪ್ ವೀಕ್ ಇದ್ದು ಪೆಟ್ರೋಲ್ ಸಾಲ್ದೇ ಹೋಗಿದ್ರೆ ಇಸಿಯು (ಇಂಜಿನ್ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯೋಕೆ ನೋಡ್ತಿತ್ತು, ಟ್ರಿಮ್ ಪ್ಲಸ್ ಕಡೆ ಏರಬೇಕಿತ್ತು, ಅದೂ ಲೋಡ್ ಬಿದ್ದಾಗ ಇನ್ನೂ ಜಾಸ್ತಿ. ಅದು ಆಗ್ತಿಲ್ಲ ಅಂದ್ರೆ ಪೆಟ್ರೋಲ್ ಸರಿಯಾಗೇ ಬರ್ತಿದೆ, ಐಡಲ್‌ನಲ್ಲಿ ಗಾಳಿ ಸಾಕಾಗ್ತಿಲ್ಲ.

ಏರ್ ಪೈಪ್ ಬಿಚ್ಚಿ ನೋಡಿದ್ರೆ ಇಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಒಳಗೆ ಬಟರ್‌ಫ್ಲೈ (ತಿರುಗೋ ಪ್ಲೇಟ್) ಸುತ್ತ ಕಪ್ಪು ಮಸಿ ಹಿಡಿದಿತ್ತು. ಐಡಲ್‌ನಲ್ಲಿ ಇಂಜಿನ್ ಉಸಿರಾಡೋದೇ ಆ ಕೂದಲೆಳೆ ಸಂದಿಯಲ್ಲಿ, ಅದೇ ಕಟ್ಕೊಂಡ್ರೆ ಇನ್ನೇನು ಆಗುತ್ತೆ. ಥ್ರಾಟಲ್ ಬಾಡಿ ಕ್ಲೀನರ್‌ನ ಬಟ್ಟೆಗೆ ಹಾಕಿ ಒರೆಸಿದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ರೆ ಆ ಪ್ಲೇಟ್‌ನ ಬೆರಳಲ್ಲಿ ಒತ್ತಿ ತಿರುಗಿಸ್ಬೇಡಿ, ಒಳಗಿನ ಗೇರ್ ಹಾಳಾಗುತ್ತೆ. ಕ್ಲೀನ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಐಡಲ್ ಆರ್‌ಪಿಎಂ ಜಾಸ್ತಿನೇ ಇತ್ತು, ಓಡಿಸ್ತಾ ಓಡಿಸ್ತಾ ಇಸಿಯು ಮತ್ತೆ ಕಲ್ತುಕೊಂಡು ತಾನೇ ಇಳೀತು. ಕೆಲವು ಕಾರಲ್ಲಿ ಇದು ತಾನಾಗೇ ಆಗಲ್ಲ, ರೀಲರ್ನ್ ಮಾಡ್ಸೋಕೆ ದೊಡ್ಡ ಸ್ಕ್ಯಾನರ್ ಇರೋರ ಹತ್ರಾನೇ ಹೋಗ್ಬೇಕು, ಈ ಡಬ್ಬಿಗೆ ಆ ಶಕ್ತಿ ಇಲ್ಲ.

ಭಾವನ ಕಾರಿಂದು ಪೂರ್ತಿ ಬೇರೆ ಕಥೆ. ಅದರಲ್ಲಿ ಪಿ0171 ಕೋಡ್ ಬಂದಿತ್ತು, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಅಂತ. ಆಕ್ಸಿಜನ್ ಸೆನ್ಸರ್ ಚೇಂಜ್ ಮಾಡಿ ಅನ್ನೋರು ಸಿಗ್ತಾರೆ ಇದಕ್ಕೆ, ಪಾಪ ಆ ಸೆನ್ಸರ್ ಇರೋದನ್ನ ಇದ್ದ ಹಾಗೆ ಹೇಳ್ತಿರುತ್ತೆ ಅಷ್ಟೇ. ಐಡಲ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 20 ಪರ್ಸೆಂಟ್ ಹತ್ರ, 2500 ಆರ್‌ಪಿಎಂಗೆ ಹಿಡಿದ್ರೆ ಟ್ರಿಮ್ ಮಾಮೂಲಿಗೆ ಬರ್ತಿತ್ತು. ಏರ್‌ಫ್ಲೋ ಸೆನ್ಸರ್ (ಒಳಗೆ ಬರೋ ಗಾಳಿ ಅಳೆಯೋದು) ಇರೋ ಗಾಡಿಯಲ್ಲಿ ಈ ಲಕ್ಷಣ ಕಂಡ್ರೆ ಮೊದ್ಲು ವ್ಯಾಕ್ಯೂಮ್ ಲೀಕ್ ಹುಡುಕಿ: ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಎಳೀತಿದೆ, ಐಡಲ್‌ನಲ್ಲಿ ಒಟ್ಟು ಗಾಳಿನೇ ಕಮ್ಮಿ ಇರೋದ್ರಿಂದ ಆ ಲೀಕ್ ದೊಡ್ಡದಾಗಿ ಕಾಣುತ್ತೆ, ರೇಸ್ ಕೊಟ್ಟಾಗ ಮುಚ್ಚಿಹೋಗುತ್ತೆ. ಹುಡುಕಿದ್ರೆ ಪಿಸಿವಿ ಪೈಪ್ (ಇಂಜಿನ್ ಒಳಗಿನ ಹೊಗೆನ ವಾಪಸ್ ಎಳ್ಕೊಳ್ಳೋ ಪೈಪ್) ಕೆಳಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ ಸೀಳಿತ್ತು. ಒಂದು ರಬ್ಬರ್ ಪೈಪ್‌ನಲ್ಲಿ ಕೆಲಸ ಮುಗೀತು. ಏರ್‌ಫ್ಲೋ ಬದಲು ಮ್ಯಾಪ್ ಸೆನ್ಸರ್ (ಗಾಳಿಯ ಒತ್ತಡ ಅಳೆಯೋದು) ಇರೋ ಗಾಡಿಗೆ ಈ ಲೆಕ್ಕ ನೇರವಾಗಿ ಹಾಕ್ಬೇಡಿ, ಅಲ್ಲಿ ಲೀಕ್ ಆದ್ರೆ ಸಾಮಾನ್ಯವಾಗಿ ಐಡಲ್ ಏರುತ್ತೆ.

ಈ ಡಬ್ಬಿಗೆ ಕಾಣದೇ ಇರೋದೂ ಬಹಳ ಇದೆ. ಮಾಮೂಲಿ ಪೆಟ್ರೋಲ್ ಗಾಡಿಗಳಲ್ಲಿ ಫ್ಯೂಯಲ್ ಪ್ರೆಶರ್ ತೋರಿಸಲ್ಲ, ಅದಕ್ಕೆ ಗೇಜ್ ಹಾಕ್ಲೇಬೇಕು. ವಾಲ್ವ್ ಟೈಟ್ ಆಗಿರೋದು, ಪ್ಲಗ್ ಸವೆದಿರೋದು ಇದಕ್ಕೆ ನೇರವಾಗಿ ಗೊತ್ತಾಗಲ್ಲ. ಹೊರಗಡೆ ಗ್ಯಾಸ್ ಕಿಟ್ ಹಾಕ್ಸಿದ್ರೆ ಪೆಟ್ರೋಲ್‌ನಲ್ಲಿ ಓಡಿಸಿ ಟ್ರಿಮ್ ನೋಡಿ, ಗ್ಯಾಸ್‌ನಲ್ಲಿ ಬರೋ ನಂಬರ್ ನಂಬ್ಬೇಡಿ. ಭಾರತದಲ್ಲಿ ಒಬಿಡಿ-2 ಕಡ್ಡಾಯ ಆಗಿದ್ದು 2013ರಲ್ಲಿ, ಅದಕ್ಕೂ ಹಳೇ ಗಾಡಿಗಳಲ್ಲಿ ಸಾಕೆಟ್ ಇದ್ರೂ ಕನೆಕ್ಟ್ ಆಗದೇ ಇರಬಹುದು.

ಕೊಳ್ಳೋವಾಗ ಇಎಲ್‌ಎಂ327 ವರ್ಶನ್ 1.5 ಅಂತ ಬರೆದಿದ್ರೂ ಒರಿಜಿನಲ್ ಅಲ್ಲ ಅನ್ನೋದು ಗೊತ್ತಿರ್ಲಿ, ಎಲ್ಮ್ ಎಲೆಕ್ಟ್ರಾನಿಕ್ಸ್ ಅನ್ನೋ ಕೆನಡಾ ಕಂಪನಿ ಆ ವರ್ಶನ್ ಚಿಪ್ ಮಾಡೇ ಇಲ್ಲ, 2022ರಲ್ಲಿ ಕಂಪನಿನೂ ಮುಚ್ಚಿದೆ. ಎಲ್ಲಾ ಕಾಪಿನೇ, ಆದ್ರೆ ಕಾಪಿಗಳಲ್ಲೂ 2.1 ಅಂತ ಬರೋ ಅಗ್ಗದವು ಕೆ-ಲೈನ್ (ಕಂಪ್ಯೂಟರ್ ಜೊತೆ ಮಾತಾಡೋ ಹಳೇ ವಿಧಾನ) ಇರೋ ಹಳೇ ಗಾಡಿಗಳಲ್ಲಿ ಕೈಕೊಡೋದು ಜಾಸ್ತಿ. ಐಫೋನ್ ಇರೋರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರೋದೇ ತಗೊಳ್ಳಿ. ಕೋಡ್ ಬಂದ್ರೆ ಮೊದ್ಲು ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ನಂಬರ್‌ಗಳು) ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಅಳಿಸಿದ್ರೆ ಅದೂ ಹೋಗುತ್ತೆ. ಕೆಲಸ ಆದ ಮೇಲೆ ಡಬ್ಬಿ ಕಿತ್ತಿಡಿ, 16ನೇ ಪಿನ್‌ಗೆ ಕೀ ತೆಗೆದ್ರೂ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತೆ.