ಲೇತ್ ನಡುಕಕ್ಕೆ ರಬ್ಬರ್ ಕಾಲು, ಫರಸಿ ಕಲ್ಲು, ಲಿಂಕ್ ಬೆಲ್ಟ್: ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿಂಕ್ ಬೆಲ್ಟಿಗೆ, ಅಂದರೆ ಮೋಟರಿನಿಂದ ಲೇತನ್ನು ತಿರುಗಿಸುವ ಕೊಂಡಿ ಕೊಂಡಿಯ ಪಟ್ಟಿಗೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಗಡಿನ ಶೆಡ್ಡಿನೊಳಗೆ ನಿಲ್ಲೋಕೇ ಆಗಲ್ಲ, ಅಲ್ವಾ? ಎರಡು ತಿಂಗಳು ಮರ ಕಡೆಯುವ ಲೇತ್ ಮುಟ್ಟಿರಲಿಲ್ಲ. ಜೂನಿನಲ್ಲಿ ಬೇವಿನ ಬಟ್ಟಲಿಗೆ ಕೈ ಹಾಕಿದರೆ ಉಳಿ ಕೈಯಲ್ಲೇ ಕುಣಿಯಿತು. ಬಟ್ಟಲಿನ ಮೈ ತುಂಬ ಅಲೆ ಅಲೆ ಗೆರೆ.

ಅಂಗಡಿಯಲ್ಲಿ ರಬ್ಬರ್ ಕಾಲು ಹಾಕಿ ಅಂದರು. 600 ರೂಪಾಯಿ ದಂಡ. ನೆಲದ ಸದ್ದು ಇಳಿಯಿತು, ಮಿಷನ್ ಮಾತ್ರ ಇನ್ನೂ ಜಾಸ್ತಿ ತೂಗಾಡಿತು.

ಆಮೇಲೆ ಭಾರ ಹೇರಿದೆ. ಮನೆ ಕಟ್ಟುವಾಗ ಉಳಿದ ಶಹಾಬಾದ್ ಫರಸಿ ತುಂಡುಗಳನ್ನು ಸ್ಟ್ಯಾಂಡಿನ ಕೆಳಹಲಗೆ ಮೇಲೆ ಪೇರಿಸಿದೆ. ಕಲ್ಲಿಗೆ ಕಲ್ಲು ತಾಗಿ ಕಟಕಟ ಅನ್ನುತ್ತಿತ್ತು. ನಡುನಡುವೆ ಮರಳಿನ ಚೀಲ ಇಟ್ಟ ಮೇಲೆ ಸುಮ್ಮನಾಯಿತು. ಓರೆಕೋರೆ ಮರ ಹಾಕಿದಾಗ ಈ ಭಾರ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಇವತ್ತಿಗೂ ತೆಗೆದಿಲ್ಲ. ಆದರೆ ಮಿಷನಿನ ಧಡ್ ಧಡ್ ನಡುಕ ಹೋಗಲಿಲ್ಲ.

ಮರ ತೆಗೆದು ಬರೀ ಮಿಷನ್ ಓಡಿಸಿದೆ. ಆಗಲೂ ಧಡ್ ಧಡ್. ಬೆಲ್ಟನ್ನು ಮೋಟರಿನ ಪುಲ್ಲಿಯಿಂದ ಜಾರಿಸಿ ಮೋಟರ್ ಒಂದನ್ನೇ ಓಡಿಸಿದೆ. ಅದರ ಮೇಲೆ ನಿಲ್ಲಿಸಿದ್ದ 5 ರೂಪಾಯಿ ನಾಣ್ಯ ಅಲುಗಾಡಲಿಲ್ಲ. ಮರವನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್ ಕೈಯಲ್ಲಿ ತಿರುಗಿಸಿದೆ, ಬೇರಿಂಗ್ ನುಣ್ಣಗಿತ್ತು. ಆಗ ಜೋತುಬಿದ್ದ ವಿ-ಬೆಲ್ಟ್ ಕಡೆ ಕಣ್ಣು ಹೋಯಿತು. ಪುಲ್ಲಿಯ ಬಾಗು ಅದರಲ್ಲಿ ಅಚ್ಚು ಹಾಕಿದ ಹಾಗೆ ಉಳಿದಿತ್ತು. ಬಿಗಿಯಾಗಿ ಒಂದೇ ಕಡೆ ಎರಡು ತಿಂಗಳು ನಿಂತ ರಬ್ಬರ್ ಅದು. ಆ ಬಾಗು ಪುಲ್ಲಿ ದಾಟಿದಾಗೆಲ್ಲ ಸ್ಪಿಂಡಲ್‌ಗೆ ಒಂದು ಏಟು.

ಹೊಸ ವಿ-ಬೆಲ್ಟ್ ಅಗ್ಗವೇ. ತಲೆನೋವು ಬೇರೆ ಇದೆ. ನನ್ನ ಲೇತಿನಲ್ಲಿ ಬೆಲ್ಟ್ ಎರಡು ಬೇರಿಂಗ್ ನಡುವೆ ಕೂತಿದೆ. ಬದಲಿಸಬೇಕಾದರೆ ಸ್ಪಿಂಡಲ್ ಬಡಿದು ಹೊರಗೆ ತೆಗೆಯಬೇಕು, ಆ ಪೆಟ್ಟು ಬೇರಿಂಗಿಗೂ ಬೀಳುತ್ತದೆ. ಚೆನ್ನಾಗಿರುವ ಬೇರಿಂಗ್ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಮಾಡಿದರೂ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ.

ಲಿಂಕ್ ಬೆಲ್ಟ್ ಸಣ್ಣ ಸಣ್ಣ ಕೊಂಡಿ ಸೇರಿಸಿ ಮಾಡಿದ್ದು. ಹಳೆಯದನ್ನು ಚಾಕುವಿನಿಂದ ಕತ್ತರಿಸಿದೆ, ಇದನ್ನು ಒಳಗೆ ತೂರಿಸಿ ತುದಿ ಸೇರಿಸಿದೆ. ಸ್ಪಿಂಡಲ್ ಮುಟ್ಟಲೇ ಇಲ್ಲ. ಬೆಲ್ಟಿನ ಮೇಲಿನ ಬಾಣ ತಿರುಗುವ ದಿಕ್ಕಿಗಿರಲಿ. ಶುರುವಿನಲ್ಲಿ ಸ್ವಲ್ಪ ಹಿಗ್ಗುತ್ತದೆ, ನಾನು ಒಂದು ಕೊಂಡಿ ತೆಗೆದೆ. ಬೆಲೆ ವಿ-ಬೆಲ್ಟಿನ ಎಷ್ಟೋ ಪಟ್ಟು. ಆದರೂ ಭಾನುವಾರ ಮಾತ್ರ ಮರ ಕಡೆಯುವ ನನಗೆ ಇದೇ ಸರಿ, ಎಷ್ಟು ದಿನ ನಿಂತರೂ ಬಾಗು ಹಿಡಿಯುವುದಿಲ್ಲ.

ದಿನಾ ಓಡಿಸುವವರಿಗೆ ವಿ-ಬೆಲ್ಟ್ ಸಾಕು. ಬೇಸಿಗೆಗೆ ಶೆಡ್ ಮುಚ್ಚುವ ಮುಂಚೆ ಮೋಟರ್ ಎತ್ತಿ ಬೆಲ್ಟ್ ಸಡಿಲ ಬಿಡಿ. ನಾನು ಮಾರ್ಚಿನಲ್ಲಿ ಮಾಡದೆ ಬಿಟ್ಟಿದ್ದು ಅದೊಂದೇ ಕೆಲಸ.